ಹನ್ನೆರಡು ಅಂಕಿಯ ಕ್ಯಾಲ್ಕುಲೇಟರು: ಹುಣಸೆ ಮಂಡಿಯಲ್ಲೂ, ಮಹಾವೀರಾಚಾರ್ಯರ ಲೆಕ್ಕದಲ್ಲೂ

ಹೋದ ಹುಣಸೆ ಸೀಸನ್ ಶುರುವಾಗುವ ಮುಂಚೆ ನಮ್ಮ ತುಮಕೂರಿನ ಎಂ.ಜಿ. ರಸ್ತೆ ಪಕ್ಕದ ಒಂದು ಸ್ಟೇಷನರಿ ಅಂಗಡಿಯಲ್ಲಿ ಟೇಬಲ್ ಮೇಲೆ ಇಡುವ ಹನ್ನೆರಡು ಅಂಕಿಯ ಕ್ಯಾಲ್ಕುಲೇಟರ್ ತಗೊಂಡೆ. ಬೆಲೆ 480 ರೂಪಾಯಿ. ಈಗ ಎಂಟು ತಿಂಗಳಾಯಿತು. ದಿನಕ್ಕೆ ಆರೇಳು ಗಂಟೆ ನನ್ನ ಬಲಗೈ ಅದರ ಮೇಲೇ ಇರುತ್ತದೆ. ಇಷ್ಟು ಬಳಸಿದ ಮೇಲೆ ನಾಲ್ಕು ಮಾತು ಬರೆಯೋಣ ಅನ್ನಿಸಿತು. ಕ್ಯಾಲ್ಕುಲೇಟರಿನ ಬಗ್ಗೆ ಬರೆಯೋಕೆ ಏನಿದೆ ಅಂತ ಮನೆಯಲ್ಲಿ ಕೇಳಿದರು. ತುಂಬಾ ಇದೆ.

ನಾನು ಬಟವಾಡಿಯ ಎ.ಪಿ.ಎಂ.ಸಿ. ಯಾರ್ಡಿನ ಒಂದು ಮಂಡಿಯಲ್ಲಿ ಹದಿನೇಳು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ತೂಕದ ಚೀಟಿ ನೋಡಿ ರೈತರಿಗೆ ಪಟ್ಟಿ ಮಾಡುವುದು, ಹಮಾಲಿ ಕಳೆಯುವುದು, ರೋಕಡಿ ಬರೆಯುವುದು ನನ್ನ ಕೆಲಸ. ಸಂಜೆ ಕ್ಯಾತ್ಸಂದ್ರದ ಮನೆಗೆ ಬಂದ ಮೇಲೆ ಜಗುಲಿಯಲ್ಲಿ ಏಳು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಐದನೇ ಕ್ಲಾಸಿನಿಂದ ಒಂಬತ್ತನೇ ಕ್ಲಾಸಿನವರೆಗಿನ ಮಕ್ಕಳು. ಅದೇ ಕ್ಯಾಲ್ಕುಲೇಟರ್ ಬ್ಯಾಗಿನಲ್ಲಿ ನನ್ನ ಜೊತೆ ಮಂಡಿಗೆ ಹೋಗಿ ಮನೆಗೆ ಬರುತ್ತದೆ. ಹಾಗಾಗಿ ಎರಡೂ ಕಡೆಯ ಮಾತು ಹೇಳುತ್ತೇನೆ.

ಕಂಪನಿ ಹೆಸರು ಬರೆಯುತ್ತಿಲ್ಲ. ಈ ತರಹದ್ದನ್ನು ನಾಲ್ಕೈದು ಕಂಪನಿಯವರು ಮಾಡುತ್ತಾರೆ. ಬಟನ್‌ಗಳ ಜಾಗ ಅಲ್ಲಿಲ್ಲಿ ಬದಲಾಗುತ್ತದೆ, ಒಳಗಿನ ಕೆಲಸ ಹೆಚ್ಚುಕಮ್ಮಿ ಒಂದೇ. ನೋಡಿ ತಗೊಳ್ಳಬೇಕು, ಅಷ್ಟೇ ಮುಖ್ಯ. ಹೇಗೆ ನೋಡಬೇಕು ಅನ್ನುವುದನ್ನು ನಾನು 350 ರೂಪಾಯಿ ಕೊಟ್ಟು ಕಲಿತೆ. ಅದನ್ನೇ ಮೊದಲು ಹೇಳುತ್ತೇನೆ.

ಇದಕ್ಕಿಂತ ಮುಂಚೆ ಬೇರೆ ಅಂಗಡಿಯಲ್ಲಿ ಒಂದು ತಗೊಂಡಿದ್ದೆ. ಅಂಗಡಿಯಲ್ಲೇ ನಿಂತು ನನಗೆ ಇಷ್ಟವಾದ ಲೆಕ್ಕ ಮಾಡಿ ನೋಡಿದೆ. 12345679 ಇಂಟು 9. ಗುಣಿಸಿದರೆ ಪರದೆ ತುಂಬ ಒಂದು: 111111111. ಅಂಗಡಿಯವರಿಗೂ ಖುಷಿಯಾಯಿತು. ದುಡ್ಡು ಕೊಟ್ಟು ಬಂದೆ. ಮಾರನೇ ದಿನ ಮಂಡಿಯಲ್ಲಿ 8,850 ಅಂತ ಒತ್ತಿದರೆ 850 ಅಂತ ಬಂತು. ಎಂಟರ ಬಟನ್ ಮೂರು ಸಲ ಒತ್ತಿದರೆ ಒಂದು ಸಲ ಹಿಡಿಯುತ್ತಿತ್ತು. ನಾನು ಮಾಡಿ ನೋಡಿದ ಲೆಕ್ಕ ಇನ್ನೊಂದು ಸಲ ನೋಡಿ. ಒಂದರಿಂದ ಒಂಬತ್ತರವರೆಗೆ ಎಲ್ಲ ಅಂಕಿ ಇವೆ, ಎಂಟು ಒಂದೇ ಇಲ್ಲ. ಯಾವ ಬಟನ್ ಕೆಟ್ಟಿತ್ತೋ ಅದನ್ನೇ ನಾನು ಮುಟ್ಟಿರಲಿಲ್ಲ. ವಾಪಸ್ ತಗೊಂಡು ಹೋದರೆ, "ನೀವೇ ಟೆಸ್ಟ್ ಮಾಡಿ ತಗೊಂಡು ಹೋದ್ರಲ್ಲ ಅಕ್ಕಾ" ಅಂದರು. ಬದಲಾಯಿಸಿ ಕೊಡಲಿಲ್ಲ.

ಉತ್ತರದಲ್ಲೂ ಒಂದು ತೊಂದರೆ ಇತ್ತು, ಅದು ಆಮೇಲೆ ಹೊಳೆಯಿತು. ಈ ಪರದೆಯ ಪ್ರತಿ ಅಂಕಿಯೂ ಏಳು ಸಣ್ಣ ಕಡ್ಡಿಗಳಿಂದ ಆಗಿರುತ್ತದೆ. ಒಂದು ಬರೆಯೋಕೆ ಬಲಗಡೆಯ ಎರಡೇ ಕಡ್ಡಿ ಸಾಕು. ಉಳಿದ ಐದು ಕೆಟ್ಟಿದ್ದರೂ ಪರದೆ ತುಂಬ ಒಂದು ಚೆನ್ನಾಗಿಯೇ ಕಾಣುತ್ತದೆ. ಏಳೂ ಕಡ್ಡಿ ಬೇಕಾಗುವುದು ಎಂಟಕ್ಕೆ ಮಾತ್ರ.

ಹಾಗಾಗಿ ಈ ಸಲ ಎಂ.ಜಿ. ರಸ್ತೆ ಪಕ್ಕದ ಅಂಗಡಿಯಲ್ಲಿ ಬೇರೆ ಲೆಕ್ಕ ಮಾಡಿದೆ. 123456789 ಇಂಟು 8, ಅದಕ್ಕೆ 9 ಕೂಡಿಸಿ. ಉತ್ತರ 987654321. ಏರಿಕೊಂಡು ಹೋದದ್ದು ಇಳಿದುಕೊಂಡು ಬರುತ್ತದೆ, ಒಂಬತ್ತೂ ಬಟನ್ ಕೆಲಸ ಮಾಡುತ್ತಿವೆ ಅಂತ ಗೊತ್ತಾಗುತ್ತದೆ. ಅದನ್ನು 100ರಿಂದ ಗುಣಿಸಿದರೆ ಸೊನ್ನೆಯ ಬಟನ್ನೂ ಆಯಿತು. ಆಮೇಲೆ ಅಳಿಸಿ, ಎಂಟನ್ನು ಹನ್ನೆರಡು ಸಲ ಒತ್ತಿ. ಎಲ್ಲ ಕಡ್ಡಿ ಹತ್ತಿಕೊಂಡರೆ ಪರದೆ ಸರಿ ಇದೆ ಅಂತ ಅರ್ಥ. ಒಂದು ನಿಮಿಷದ ಕೆಲಸ. ನೀವು ಯಾವ ಕ್ಯಾಲ್ಕುಲೇಟರ್ ತಗೊಂಡರೂ ದಯವಿಟ್ಟು ಇಷ್ಟು ಮಾಡಿ.

ಇನ್ನು ಮಂಡಿಯಲ್ಲಿ ಇದರ ಕೆಲಸ. ಬಟನ್‌ಗಳು ದೊಡ್ಡವು, ಒತ್ತಿದರೆ ಒತ್ತಿದ್ದು ಬೆರಳಿಗೆ ತಿಳಿಯುತ್ತದೆ. ನಾನು ಪರದೆ ನೋಡದೆ ಚೀಟಿ ನೋಡಿಕೊಂಡು ಒತ್ತುವವಳು, ನನಗೆ ಅದು ಬೇಕು. ಎರಡು ಸೊನ್ನೆಯ ಬಟನ್ ಇದೆ, ರೇಟು ಹಾಕುವಾಗ ತುಂಬಾ ಅನುಕೂಲ. ಕಾಮಾ ನಮ್ಮ ಲಕ್ಷ ಕೋಟಿಯ ಲೆಕ್ಕದಲ್ಲಿ ಬೀಳುತ್ತದೆ. ಹಳೆಯದರಲ್ಲಿ ಮೂರು ಮೂರು ಅಂಕಿಗೆ ಬೀಳುತ್ತಿತ್ತು. ಹನ್ನೆರಡೂವರೆ ಲಕ್ಷವನ್ನು 1,250,000 ಅಂತ ನೋಡಿ ಮನಸ್ಸಿನಲ್ಲೇ 12,50,000 ಮಾಡಿಕೊಳ್ಳಬೇಕಿತ್ತು. ಸುಸ್ತಾದ ಸಂಜೆಯಲ್ಲಿ ಅಂಥ ಕಡೆಯೇ ತಪ್ಪಾಗುವುದು.

ನನಗೆ ಜಾಸ್ತಿ ಉಪಯೋಗವಾಗಿರುವುದು ಚೆಕ್ ಬಟನ್. 120 ಹಂತದವರೆಗೆ ಏನೇನು ಒತ್ತಿದ್ದೇವೆ ಅನ್ನುವುದನ್ನು ಇದು ನೆನಪಿಟ್ಟುಕೊಳ್ಳುತ್ತದೆ. ಮೊತ್ತ ತಾಳೆಯಾಗದಿದ್ದರೆ ಮೊದಲಿಂದ ಕೂಡಬೇಕಾಗಿಲ್ಲ. ಚೆಕ್ ಒತ್ತುತ್ತಾ ಒತ್ತುತ್ತಾ ಚೀಟಿಗಳ ಜೊತೆ ಹೋಲಿಸಿದರೆ ಆಯಿತು. ತಪ್ಪು ಸಿಕ್ಕಿದ ಜಾಗದಲ್ಲೇ ತಿದ್ದಬಹುದು. ಏಪ್ರಿಲ್‌ನಲ್ಲಿ ಒಂದು ರಾತ್ರಿ ಅರವತ್ತು ಚೀಟಿಯ ಮೊತ್ತ 9,000 ರೂಪಾಯಿ ಹೆಚ್ಚಿಗೆ ಬಂತು. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲು ಬದಲು ಆಗಿರಬಹುದು ಅಂತ ಲೆಕ್ಕ ಬರೆಯುವವರಿಗೆಲ್ಲ ಗೊತ್ತು. ಚೆಕ್ ಒತ್ತಿ ನೋಡಿದರೆ 34 ಸಾವಿರದ ಬದಲು 43 ಸಾವಿರ ಒತ್ತಿದ್ದೆ. ಹತ್ತು ನಿಮಿಷಕ್ಕೆ ಮನೆಗೆ ಹೊರಟೆ.

ಒಂದು ಎಚ್ಚರಿಕೆ. ಪರದೆ ಕೆಳಗೆ ಎರಡು ಸಣ್ಣ ಜಾರುವ ಸ್ವಿಚ್ ಇರುತ್ತವೆ. ದಶಾಂಶ ಎಷ್ಟು ಬೇಕು, ಉಳಿದದ್ದನ್ನು ಕತ್ತರಿಸಬೇಕಾ ಅಥವಾ ಹತ್ತಿರದ ಅಂಕಿಗೆ ತರಬೇಕಾ ಅನ್ನುವುದಕ್ಕೆ. ಬ್ಯಾಗಿನಲ್ಲಿ ಉಜ್ಜಿ ಅವು ತಾವಾಗಿಯೇ ಸರಿದುಬಿಡುತ್ತವೆ. 3 ಕ್ವಿಂಟಾಲ್ 47 ಕೆ.ಜಿ. ಹುಣಸೆ, ಕ್ವಿಂಟಾಲಿಗೆ 14,250 ಅಂತ ಇಟ್ಟುಕೊಳ್ಳಿ. 49,447 ರೂಪಾಯಿ 50 ಪೈಸೆ ಬರಬೇಕು. ಸ್ವಿಚ್ ಸರಿದಿದ್ದರೆ ಐವತ್ತು ಪೈಸೆ ಹೇಳದೆ ಕೇಳದೆ ಹೋಗುತ್ತದೆ. ಎಂಟಾಣೆ ತಾನೇ ಅನ್ನಬೇಡಿ, ಅದು ರೈತರ ದುಡ್ಡು. ದಿನಾ ಬೆಳಿಗ್ಗೆ ಮೊದಲು ಆ ಸ್ವಿಚ್ ನೋಡಿಯೇ ನಾನು ಕೆಲಸ ಶುರು ಮಾಡುವುದು.

ಸಂಖ್ಯೆಯ ಬಾಲ ಎಲ್ಲಿ ಹೋಯಿತು ಅನ್ನುವ ಇದೇ ಚಿಂತೆಯಿಂದ ಸಂಜೆಯ ಕಥೆಯೂ ಶುರುವಾಗುತ್ತದೆ.

ನನಗೆ ಬಹಳ ಪ್ರೀತಿಯ ಸಂಖ್ಯೆ ಒಂದಿದೆ: 12345654321. ನಮ್ಮ ರೀತಿ ಕಾಮಾ ಹಾಕಿದರೆ 12,34,56,54,321. ಸಾವಿರದ ಇನ್ನೂರ ಮೂವತ್ನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಹಿಂದಿನಿಂದ ಓದಿದರೂ ಅದೇ, ಮುಂದಿನಿಂದ ಓದಿದರೂ ಅದೇ. ಇದು ಈಗಿನವರು ಕಂಡುಹಿಡಿದದ್ದಲ್ಲ. ಸುಮಾರು 850ರಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ತಮ್ಮ ಗಣಿತಸಾರಸಂಗ್ರಹದಲ್ಲಿ ಇದನ್ನು ಹೇಳಿದ್ದಾರೆ. ಒಂದರಿಂದ ಶುರುವಾಗಿ ಆರರವರೆಗೆ ಹೋಗಿ ಆಮೇಲೆ ಕ್ರಮವಾಗಿ ಇಳಿಯುವ ಸಂಖ್ಯೆ ಅಂತ. ಆ ರಾಜ್ಯದ ರಾಜಧಾನಿ ಮಾನ್ಯಖೇಟ, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಕವಿರಾಜಮಾರ್ಗ ಹುಟ್ಟಿದ್ದೂ ಅದೇ ಆಸ್ಥಾನದಲ್ಲಿ. ಗಣಿತಸಾರಸಂಗ್ರಹ ಸಂಸ್ಕೃತದ ಪುಸ್ತಕ, ಅದಕ್ಕೆ ಕನ್ನಡ ಅನುವಾದವೂ ಇದೆ.

ಗುಣಾಕಾರ ಕಲಿಸುವ ಭಾಗದಲ್ಲಿ ಮಹಾವೀರರು ಸುಮ್ನೆ ಯಾವುದೋ ಅಂಕಿ ಕೊಟ್ಟು ಗುಣಿಸಿ ಅನ್ನುವುದಿಲ್ಲ. ಉತ್ತರ ಕೊರಳಿನ ಹಾರದ ಹಾಗೆ, ಎರಡೂ ಕಡೆ ಒಂದೇ ತರಹ ಬರುವ ಲೆಕ್ಕಗಳನ್ನು ಆರಿಸಿ ಕೊಟ್ಟಿದ್ದಾರೆ. 139 ಇಂಟು 109 ಮಾಡಿ, 15151 ಬರುತ್ತದೆ. 152207 ಇಂಟು 73 ಮಾಡಿ, ಎಂಟು ಒಂದುಗಳ ಸರ: 11111111. ನನ್ನನ್ನು ಅಂಗಡಿಯಲ್ಲಿ ದಾರಿ ತಪ್ಪಿಸಿದ 12345679 ಇಂಟು 9 ಕೂಡ ಅವರ ಪುಸ್ತಕದ್ದೇ. ಗುಣಿಸುವ ಹುಡುಗನಿಗೆ ಉತ್ತರ ಸರಿಯೋ ತಪ್ಪೋ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಒಂದು ಮಣಿ ತಪ್ಪಿದರೂ ಹಾರ ಓರೆಯಾಗಿ ಕಾಣುತ್ತದೆ. ಸಾವಿರದ ನೂರ ಎಪ್ಪತ್ತು ವರ್ಷದ ಹಿಂದೆ ಒಬ್ಬ ಮೇಷ್ಟ್ರು ಮಕ್ಕಳ ಬಗ್ಗೆ ಇಷ್ಟು ಯೋಚನೆ ಮಾಡಿದ್ದಾರಲ್ಲ ಅಂತ ನೆನೆದಾಗಲೆಲ್ಲ ನನಗೆ ಎದೆ ತುಂಬುತ್ತದೆ.

12345654321ಕ್ಕೆ ಅವರು ಕೊಟ್ಟ ಲೆಕ್ಕ 27994681 ಇಂಟು 441. ನಮ್ಮ ಕ್ಯಾಲ್ಕುಲೇಟರಿನಲ್ಲಿ ಒತ್ತಿದೆ. ಹನ್ನೊಂದು ಅಂಕಿಯೂ ಒಂದರ ಪಕ್ಕ ಒಂದು ಬಂದು ಕೂತವು. ಇನ್ನೂ ಒಂದು ಅಂಕಿಗೆ ಜಾಗ ಉಳಿದಿತ್ತು.

ಅವತ್ತೇ ಅಕ್ಕನ ಮಗ ಮನೆಗೆ ಬಂದಿದ್ದ. ಇಂಜಿನಿಯರಿಂಗ್ ಓದುತ್ತಾನೆ. ಅವನ ಹತ್ತಿರ ಸಾವಿರಕ್ಕಿಂತ ಜಾಸ್ತಿ ಕೊಟ್ಟು ತಗೊಂಡ ಸೈಂಟಿಫಿಕ್ ಕ್ಯಾಲ್ಕುಲೇಟರ್ ಇದೆ. "ಚಿಕ್ಕಮ್ಮ, ಇದರಲ್ಲಿ ಮಾಡಿ ನೋಡಿ" ಅಂದ. ಮಾಡಿದರೆ 1.234565432, ಅದರ ಪಕ್ಕ ಇಂಟು ಹತ್ತರ ಹತ್ತನೇ ಘಾತ ಅಂತ ಬಂತು. ಕೊನೆಯ ಒಂದು ಇಲ್ಲ! ಹತ್ತು ಅಂಕಿ ತೋರಿಸಿ ನಿಲ್ಲಿಸುತ್ತದೆ. ಹಾರದ ಕೊನೆಯ ಮಣಿಯೇ ಇಲ್ಲದಿದ್ದರೆ ಹೇಗೆ? ಅವನು ಒಂದು ಉಪಾಯ ತೋರಿಸಿದ. ಪರದೆಯಲ್ಲಿ ಹತ್ತೇ ಅಂಕಿ ಕಂಡರೂ ಅದು ಒಳಗೆ ಇನ್ನೂ ಕೆಲವು ಅಂಕಿ ಇಟ್ಟುಕೊಂಡಿರುತ್ತದೆ. ಬಂದ ಉತ್ತರದಿಂದ 12345000000 ಕಳೆದ. 654321 ಅಂತ ಬಾಲ ಪೂರ್ತಿ ಹೊರಗೆ ಬಂತು. ಚೆನ್ನಾಗಿದೆ. ಆದರೆ ಬಾಲ ಇದೆ ಅಂತ ಗೊತ್ತಿದ್ದವರು ಮಾತ್ರ ಅದನ್ನು ಎಳೆಯುತ್ತಾರೆ. ಲೆಕ್ಕ ಪುಸ್ತಕದವರಿಗೆ, ಅಂಗಡಿಯವರಿಗೆ, ಪೂರ್ಣ ಸಂಖ್ಯೆಗಳ ಜೊತೆ ಆಟ ಆಡುವ ಮಕ್ಕಳಿಗೆ ನಾನು ಹನ್ನೆರಡು ಅಂಕಿಯದ್ದನ್ನೇ ಹೇಳುತ್ತೇನೆ.

ಅವನ ಯಂತ್ರದಲ್ಲಿ ಒಂದು ಬಟನ್ ಮಾತ್ರ ನನಗೆ ಆಸೆ ಹುಟ್ಟಿಸಿತು. ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಡೆಯುವ ಬಟನ್. ಹನ್ನೊಂದು ಅಂಕಿಯದ್ದನ್ನು ಅದು ಒಡೆಯುವುದಿಲ್ಲ, ಹತ್ತರವರೆಗೆ ಅಷ್ಟೇ. ಆದರೆ 12345654321 ಒಂದು ವರ್ಗ ಸಂಖ್ಯೆ. 111111 ಇಂಟು 111111. ಹಾಗಾಗಿ 111111 ಅನ್ನು ಒಡೆದರೆ ಸಾಕು. ಬಟನ್ ಇಲ್ಲದೆಯೂ ಆಗುತ್ತದೆ: 111111 ಅಂದರೆ 111 ಇಂಟು 1001. 111 ಅಂದರೆ 3 ಇಂಟು 37. 1001 ಅಂದರೆ 7, 11, 13ರ ಗುಣಲಬ್ಧ. ಐದು ಅವಿಭಾಜ್ಯಗಳು, 3, 7, 11, 13, 37. ನಮ್ಮ ಸಂಖ್ಯೆಯಲ್ಲಿ ಪ್ರತಿಯೊಂದೂ ಎರಡೆರಡು ಸಲ.

ಇಲ್ಲಿಂದ ಎಷ್ಟು ಸಂಖ್ಯೆಗಳು ಇದನ್ನು ಶೇಷವಿಲ್ಲದೆ ಭಾಗಿಸುತ್ತವೆ ಅಂತ ಲೆಕ್ಕ ಹಾಕಬಹುದು. 3ನ್ನು ತಗೊಳ್ಳದೆ ಬಿಡಬಹುದು, ಒಂದು ಸಲ ತಗೊಳ್ಳಬಹುದು, ಎರಡು ಸಲ ತಗೊಳ್ಳಬಹುದು. ಮೂರು ದಾರಿ. ಉಳಿದ ನಾಲ್ಕಕ್ಕೂ ಹಾಗೆಯೇ. ಐದು ಸಲ ಮೂರನ್ನು ಗುಣಿಸಿದರೆ 243. ಒಂಬತ್ತನೇ ಕ್ಲಾಸಿನ ಹುಡುಗ, "ಮಿಸ್, ಬೆಸ ಹೆಂಗೆ ಬಂತು? ಭಾಜಕ ಜೋಡಿ ಜೋಡಿಯಾಗಿ ತಾನೆ ಇರೋದು?" ಅಂದ. ಎಂಥ ಒಳ್ಳೆ ಪ್ರಶ್ನೆ ನೋಡಿ. 441ಕ್ಕೆ 27994681 ಜೋಡಿ. 21ಕ್ಕೆ 587888301 ಜೋಡಿ. ಹೀಗೆ 121 ಜೋಡಿ ಆಗುತ್ತವೆ. ನಡುವೆ 111111 ಒಂದೇ ನಿಂತಿದೆ, ಅದಕ್ಕೆ ಅದೇ ಜೋಡಿ. ಅವನು ಭಾಗಾಕಾರ ಮಾಡಿ ಮಾಡಿ ಇಪ್ಪತ್ತು ಜೋಡಿ ಬರೆದುಕೊಂಡು ಬಂದ. ಒಂದರಲ್ಲೂ ದಶಾಂಶ ಬರಲಿಲ್ಲ. ಅಷ್ಟು ಹೊತ್ತು ಕೂತು ಬೇಸರವಾಗಲಿಲ್ಲವಾ ಅಂದರೆ, ಇನ್ನೂ 101 ಇವೆ ಮಿಸ್ ಅಂದ.

ಆದರೆ ಸಣ್ಣ ಮಕ್ಕಳಿಗೆ 111111ರ ವರ್ಗದಲ್ಲಿ ಅಂಕಿಗಳು ಯಾಕೆ ಹೀಗೆ ಏರಿ ಇಳಿಯುತ್ತವೆ ಅಂತ ಕ್ಯಾಲ್ಕುಲೇಟರ್ ಹೇಳುವುದಿಲ್ಲ. ಎಷ್ಟು ಒತ್ತಿದರೂ ಹೇಳುವುದಿಲ್ಲ. ಅದಕ್ಕೆ ನಾನು ಮಂಡಿಯಿಂದ ತಂದ ಹುಣಸೆ ಬೀಜ ತೆಗೆದೆ. ಜಗುಲಿ ಮೇಲೆ ಆರು ಸಾಲು, ಸಾಲಿಗೆ ಆರು ಬೀಜ. ಒಟ್ಟು 36. ಈಗ ಸಾಲು ಬಿಟ್ಟು ಓರೆಯಾಗಿ ಎಣಿಸಿ ಅಂದೆ. ಮೂಲೆಯಲ್ಲಿ ಒಂದು ಬೀಜ. ಅದರ ಪಕ್ಕದ ಓರೆಗೆರೆಯಲ್ಲಿ ಎರಡು. ಆಮೇಲೆ ಮೂರು, ನಾಲ್ಕು, ಐದು. ನಡುವಿನ ಉದ್ದನೆಯ ಓರೆಗೆರೆಯಲ್ಲಿ ಆರು. ಅಲ್ಲಿಂದ ಐದು, ನಾಲ್ಕು, ಮೂರು, ಎರಡು, ಕೊನೆಯ ಮೂಲೆಯಲ್ಲಿ ಒಂದು. ಐದನೇ ಕ್ಲಾಸಿನ ಹುಡುಗಿ ಬೆರಳು ಇಟ್ಟು ಎಣಿಸುತ್ತಾ ಹೋದಳು. ನಾನು ಪಕ್ಕದಲ್ಲಿ ಸ್ಲೇಟಿನ ಮೇಲೆ ಅಂಕಿ ಬರೆಯುತ್ತಾ ಹೋದೆ. ಮುಗಿದ ಮೇಲೆ ಸ್ಲೇಟು ಓದು ಅಂದೆ. 12345654321.

ಆಮೇಲೆ ಅದೇ ಸ್ಲೇಟಿನಲ್ಲಿ ಕೈಲೆಕ್ಕ ಮಾಡಿಸಿದೆ. 111111 ಅನ್ನು 111111ರಿಂದ ಗುಣಿಸುವಾಗ ನಾವು ಏನು ಮಾಡುತ್ತೇವೆ? ಅದೇ 111111 ಅನ್ನು ಆರು ಸಲ, ಒಂದೊಂದು ಮನೆ ಎಡಕ್ಕೆ ಸರಿಸಿ ಬರೆಯುತ್ತೇವೆ, ಅಲ್ವಾ? ಕಂಬ ಕಂಬವಾಗಿ ಕೂಡಿದರೆ ಬಲಗಡೆಯ ಕಂಬದಲ್ಲಿ ಒಂದೇ ಒಂದು, ಮುಂದಿನದರಲ್ಲಿ ಎರಡು, ನಡುವಿನದರಲ್ಲಿ ಆರು. ಬೀಜದ ಓರೆಗೆರೆಯೂ ಈ ಕಂಬವೂ ಒಂದೇ. ಅಂಕಿಗಳ ಮೊತ್ತ 36 ಬರುವುದೂ ಅದಕ್ಕೇ, ಎಲ್ಲ ಬೀಜವನ್ನೂ ಎಣಿಸಿದ್ದೇವಲ್ಲ. ಮೂವತ್ತಾರು ಒಂಬತ್ತರಿಂದ ಭಾಗವಾಗುತ್ತದೆ. ಹಾಗಾಗಿ ಅಷ್ಟು ದೊಡ್ಡ ಸಂಖ್ಯೆಯೂ ಒಂಬತ್ತರಿಂದ ಭಾಗವಾಗುತ್ತದೆ.

ಈ ಸಂಖ್ಯೆಯನ್ನು 36ರಿಂದ ಗುಣಿಸಿದರೆ ಪರದೆ ಸರಿಯಾಗಿ ತುಂಬುತ್ತದೆ: 444443555556. ಅದು 666666ರ ವರ್ಗ. 81ರಿಂದ ಗುಣಿಸಿದರೆ 999998000001. ಅದು 999999ರ ವರ್ಗ, ಹನ್ನೆರಡು ಅಂಕಿಯ ಪರದೆಯಲ್ಲಿ ಹಿಡಿಸುವ ಪೂರ್ಣ ಸಂಖ್ಯೆಗಳ ವರ್ಗಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಹತ್ತು ಲಕ್ಷದ ವರ್ಗಕ್ಕೆ ಹೋದರೆ ಹದಿಮೂರು ಅಂಕಿ ಆಗಿಬಿಡುತ್ತದೆ.

ಹದಿಮೂರು ಅಂಕಿ ಬಂದರೆ ಈ ಯಂತ್ರ ಏನು ಮಾಡುತ್ತದೆ ಅನ್ನುವುದು ತಗೊಳ್ಳುವವರಿಗೆ ಗೊತ್ತಿರಬೇಕು. ಮೂಲೆಯಲ್ಲಿ ಇ ಅನ್ನುವ ಇಂಗ್ಲಿಷ್ ಅಕ್ಷರ ಬರುತ್ತದೆ, ಬಟನ್‌ಗಳು ಸುಮ್ಮನಾಗುತ್ತವೆ. ಅಳಿಸಿದರೆ ಮಾತ್ರ ಮುಂದಕ್ಕೆ. ಮಹಾವೀರರ ಇನ್ನೊಂದು ಹಾರ ಇದೆ, 333333666667 ಇಂಟು 33. ಹನ್ನೆರಡು ಅಂಕಿ ಒತ್ತುವುದಕ್ಕೆ ಜಾಗ ಇದೆ. ಗುಣಿಸಿದರೆ ಇ ಬಂದು 11.0000110000 ಅಂತ ನಿಲ್ಲುತ್ತದೆ. ಮೊದಲ ದಿನ ಮಕ್ಕಳ ಮುಖ ಬಾಡಿತು.

ಇಂಥ ಕಡೆ ಸಂಖ್ಯೆಯನ್ನು ಎರಡು ತುಂಡು ಮಾಡಬೇಕು. ಎಡಕ್ಕೆ 333333, ಬಲಕ್ಕೆ 666667. ಮೊದಲು ಬಲಗಡೆಯದು, 666667 ಇಂಟು 33. ಉತ್ತರ 22000011. ಅದರಲ್ಲಿ ಕೊನೆಯ ಆರು ಅಂಕಿ 000011 ಬರೆದಿಟ್ಟುಕೊಳ್ಳಿ, ಮುಂದಿನ 22 ದಶಕ. ಈಗ ಎಡಗಡೆಯದು, 333333 ಇಂಟು 33. ಉತ್ತರ 10999989. ಇದನ್ನು ನೋಡಿ ಮಕ್ಕಳು, ಇಲ್ಲಿ ಹಾರ ಎಲ್ಲಿದೆ ಮಿಸ್, ತಪ್ಪಾಗಿದೆ ಅಂದರು. ಇರಿ, ದಶಕ ಕೂಡಿಸಿಲ್ಲ ಅಂದೆ. 22 ಕೂಡಿಸಿದ ತಕ್ಷಣ 11000011 ಆಯಿತು. ಅದರ ಪಕ್ಕ ಎತ್ತಿಟ್ಟಿದ್ದ 000011 ಬರೆದರೆ 11000011000011. ಹದಿನಾಲ್ಕು ಅಂಕಿಯ ಹಾರ. ಒಂಬತ್ತು ಒಂಬತ್ತು ಎಂಟು ಒಂಬತ್ತು ಅಂತ ಕಂಡದ್ದು ಕಣ್ಣೆದುರೇ ಸೊನ್ನೆಯಾಗಿ ಬದಲಾಯಿತು. ಆರನೇ ಕ್ಲಾಸಿನ ಅವಳಿ ಹುಡುಗರು ಚಪ್ಪಾಳೆ ತಟ್ಟಿದರು. ಈ ಯಂತ್ರದಿಂದ ನಮಗೆ ಸಿಕ್ಕ ಅತಿ ಒಳ್ಳೆಯ ಸಂಜೆ ಅದು. ಉತ್ತರದ ಅರ್ಧ ಅದು ಕೊಟ್ಟಿತು, ಅರ್ಧ ನಮ್ಮ ಕೈ ಕೊಟ್ಟಿತು.

ಅವತ್ತೇ ಶಕುಂತಲಾ ದೇವಿಯವರ ವಿಷಯ ಹೇಳಿದೆ. ಬೆಂಗಳೂರಿನಲ್ಲಿ ಹುಟ್ಟಿದವರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 7686369774870 ಅನ್ನು 2465099745779ರಿಂದ ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಹೇಳಿದರು. ಇಪ್ಪತ್ತಾರು ಅಂಕಿಯ ಉತ್ತರ. ಆ ಎರಡರಲ್ಲಿ ಒಂದು ಸಂಖ್ಯೆಯನ್ನು ಒತ್ತೋಕೂ ನಮ್ಮ ಯಂತ್ರದಲ್ಲಿ ಜಾಗ ಇಲ್ಲ, ಒಂದೊಂದರಲ್ಲೂ ಹದಿಮೂರು ಅಂಕಿ. ಮಕ್ಕಳು ಒತ್ತಿ ನೋಡಿದರು. ಹದಿಮೂರನೆಯದು ಹಿಡಿಯಲೇ ಇಲ್ಲ.

ಎಂಟು ಯಾಕೆ ಇಲ್ಲ ಅನ್ನುವ ಪ್ರಶ್ನೆಗೂ ಉತ್ತರ ಸಿಕ್ಕಿತು. 1 ಭಾಗಿಸು 81 ಅಂತ ಒತ್ತಿ ನೋಡಿ. 0.01234567901 ಬರುತ್ತದೆ. ಇಲ್ಲೂ ಎಂಟು ಕಾಣೆ. ಒಂದು, ಎರಡು, ಮೂರು ಅಂತ ಅಂಕಿಗಳು ಒಂಬತ್ತರವರೆಗೆ ಮನೆ ಮನೆ ಕೂತುಕೊಂಡು ಬರುತ್ತವೆ. ಮುಂದೆ ಬರುವುದು ಹತ್ತು. ಒಂದು ಮನೆಯಲ್ಲಿ ಹತ್ತು ಹಿಡಿಸುವುದಿಲ್ಲ. ದಶಕ ಎಡಕ್ಕೆ ಹೋಗಿ ಒಂಬತ್ತನ್ನು ಹತ್ತು ಮಾಡುತ್ತದೆ, ಅಲ್ಲೂ ಹಿಡಿಸದೆ ಇನ್ನೊಂದು ದಶಕ ಎಂಟನ್ನು ಒಂಬತ್ತು ಮಾಡುತ್ತದೆ. ಎಂಟು ಹಾಗೆ ಮಾಯವಾಗುತ್ತದೆ. ಹಾರದಲ್ಲೂ ಇದೇ ಕಥೆ. ಒಂಬತ್ತು ಒಂದುಗಳ ವರ್ಗದವರೆಗೆ, ಅಂದರೆ 12345678987654321ರವರೆಗೆ, ಏರಿಳಿತ ಸರಿಯಾಗಿ ಬರುತ್ತದೆ. ಹತ್ತು ಒಂದುಗಳ ವರ್ಗ 1234567900987654321. ಎಡಗಡೆ ಎಂಟು ಹೋಯಿತು, ನಡುವೆ ಎರಡು ಸೊನ್ನೆ ಬಂದವು.

ಇನ್ನು ಕುಂದುಕೊರತೆ. ಹುಣಸೆಯ ಅಂಟು ಕೈಯಲ್ಲಿ ಒತ್ತಿದರೆ ಬಟನ್ ಸುತ್ತ ಕರಿ ಗೆರೆ ಕಟ್ಟುತ್ತದೆ. ಸೀಸನ್ನಿನಲ್ಲಿ ವಾರಕ್ಕೊಮ್ಮೆ ಒದ್ದೆ ಬಟ್ಟೆ ಹಿಂಡಿ ಒರೆಸಬೇಕು. ಎರಡು ಸೊನ್ನೆಯ ಬಟನ್ ಮೇಲಿನ ಅಕ್ಷರ ಆರನೇ ತಿಂಗಳಿಗೇ ಸವೆಯಿತು. ಕೆಳಗಿನ ರಬ್ಬರ್ ಕಾಲು ಒಂದು ಬಿದ್ದುಹೋಗಿ ಒತ್ತುವಾಗ ಅಲ್ಲಾಡುತ್ತಿತ್ತು, ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದೇನೆ. ಸೋಲಾರ್ ಪಟ್ಟಿ ಇದ್ದರೂ ಕತ್ತಲ ಗೋಡೌನಿನಲ್ಲಿ ಬ್ಯಾಟರಿಯೇ ಕೆಲಸ ಮಾಡುವುದು, ಇದುವರೆಗೆ ಬದಲಾಯಿಸಿಲ್ಲ. ಕವರ್ ಕೊಡುವುದಿಲ್ಲ, 480 ರೂಪಾಯಿಗೆ ಒಂದು ರೆಕ್ಸಿನ್ ಕವರ್ ಕೊಡಬಹುದಿತ್ತು. ಅಂಗಡಿಯವರು ಮಾತ್ರ ನಾನು ಲೆಕ್ಕ ಮಾಡಿ ನೋಡುವಷ್ಟು ಹೊತ್ತು ಕುರ್ಚಿ ಕೊಟ್ಟು ಕೂರಿಸಿದರು, ಬಿಲ್ಲಿನ ಮೇಲೆ ಸೀಲು ಹಾಕಿ ವಾರಂಟಿ ಬರೆದುಕೊಟ್ಟರು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಆ ಜಾರುವ ಸ್ವಿಚ್‌ಗೆ.

ಮೊನ್ನೆ ಸಂಜೆ ಐದನೇ ಕ್ಲಾಸಿನ ಹುಡುಗಿ ತಾನಾಗಿಯೇ ಕ್ಯಾಲ್ಕುಲೇಟರ್ ಎಳೆದುಕೊಂಡು ಏಳು ಒಂದುಗಳನ್ನು ಒತ್ತಿದಳು. ಇಂಟು, ಮತ್ತೆ ಏಳು ಒಂದು. ಇ ಬಂತು, 1.23456765432 ಅಂತ ನಿಂತಿತು. ಸ್ವಲ್ಪ ಹೊತ್ತು ನೋಡಿದಳು. ಅದನ್ನು ಪಕ್ಕಕ್ಕೆ ಇಟ್ಟು, ಜಗುಲಿ ಮೇಲೆ ಇನ್ನೂ ಹಾಗೇ ಇದ್ದ ಆರು ಸಾಲಿನ ಕಡೆ ತಿರುಗಿದಳು.

"ಮಿಸ್, ಇನ್ನೂ ಹದಿಮೂರು ಬೀಜ ಬೇಕು."